ಆನೆಕೊಂಡದ ಒಂದು ತೊಟ್ಟಿ ಸಮುದ್ರ

ನನಗೆ ಹಠ ಹಿಡಿದರೆ ದೆವ್ವ ಹಿಡಿದ ಹಾಗೆ ಎಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ. ದಾವಣಗೆರೆಯ ಆನೆಕೊಂಡದಲ್ಲಿ ನನ್ನದೊಂದು ಗಾಜಿನ ಅಂಗಡಿ. ಕಿಟಕಿ, ಶೋಕೇಸು, ಕನ್ನಡಿ, ಏನು ಕೇಳಿದರೂ ಅಳತೆಗೆ ಕತ್ತರಿಸಿ ಕೊಡುತ್ತೇನೆ. ಒಂದು ದಿನ ವಿನೋಬನಗರದ ಹಲ್ಲಿನ ಡಾಕ್ಟರೊಬ್ಬರು ಬಂದು, ದವಾಖಾನೆಗೆ ಮೀನಿನ ತೊಟ್ಟಿ ಬೇಕು, ಅದರಲ್ಲಿ ಉಪ್ಪುನೀರು, ಹವಳ ಎಲ್ಲ ಇರುತ್ತದೆ, ಗಾಜು ದಪ್ಪದ್ದೇ ಹಾಕಿ ಎಂದರು. ಅಂಥ ತೊಟ್ಟಿ ಹೇಗಿರುತ್ತದೆಂದು ಮೊಬೈಲಿನಲ್ಲಿ ತೋರಿಸಿದರು. ನಾನು ಮನಸ್ಸಿಟ್ಟು ಕಟ್ಟಿದೆ. ಅಂಚು ಉಜ್ಜಿ, ಸಿಲಿಕೋನ್ ತುಂಬಿ, ಅಂಗಡಿಯಲ್ಲೇ ನೀರು ನಿಲ್ಲಿಸಿ, ಒಂದು ಹನಿಯೂ ಜಿನುಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಒಯ್ಯಿರಿ ಎಂದು ಫೋನ್ ಮಾಡಿದರೆ ಆ ಮಹಾನುಭಾವರು, "ಬ್ಯಾಡ ಬಿಡ್ರಿ ಸಾಹೇಬ್ರೆ, ನಮ್ಮನೆಯವ್ರು ಆ ಗೋಡೆಗೆ ಟೀವಿ ಹಾಕ್ಸಿದ್ರು" ಅನ್ನಬೇಕೇ!

ಮೈಯೆಲ್ಲ ಉರಿದುಹೋಯಿತು. ನೀವು ಟೀವಿ ನೋಡಿಕೊಂಡಿರಿ, ನಾನೇ ಇಟ್ಟುಕೊಳ್ಳುತ್ತೇನೆ ಎಂದು ತೊಟ್ಟಿಯನ್ನು ಆಟೋಗೆ ಹೇರಿ ಮನೆಗೆ ತಂದೆ. ಸಿಟ್ಟಿಗೆ ತಂದೆ ಎಂದು ಆವತ್ತು ಎಲ್ಲರಿಗೂ ಹೇಳಿದೆ. ನಿಜವೆಂದರೆ ಮೊಬೈಲಿನಲ್ಲಿ ಕಂಡ ಆ ಬಣ್ಣಗಳು ಕಣ್ಣಿನಿಂದ ಹೋಗಿರಲಿಲ್ಲ. ಹೆಂಡತಿಗೆ ಮಾತ್ರ, ಕೆಂಪು ಮೀನು ಬಿಡೋಣ ಎಂದೆ. ಉಪ್ಪುನೀರಿನ ಮಾತು ಎತ್ತಲಿಲ್ಲ.

ಎತ್ತದೇ ಇರುವುದಕ್ಕೆ ಕಾರಣವಿತ್ತು. ಅವಳು ಕರಾವಳಿಯವಳು. ಅವಳ ಅಬ್ಬಾ, ಅಂದರೆ ನಾನು ಮುಖವನ್ನೇ ಕಾಣದ ನನ್ನ ಮಾವ, ಮೀನಿಗೆ ಹೋಗುವವರು. ಅವಳಿನ್ನೂ ಲಂಗ ಹಾಕುತ್ತಿದ್ದ ಕಾಲಕ್ಕೆ ಒಂದು ದಿನ ದೋಣಿ ಮಗುಚಿತು. ಜೊತೆಯವರು ಈಜಿ ದಡ ಸೇರಿದರು. ಅವರು ಸೇರಲಿಲ್ಲ. ಹೆಣವೂ ಸಿಗಲಿಲ್ಲ. ಮದುವೆಯ ಮಾತು ಬಂದಾಗ ಅವಳು ಕೇಳಿದ್ದು ಒಂದೇ ಅಂತೆ: ಸಮುದ್ರ ಕಾಣದ ಊರಿಗೆ ಕೊಡಿ. ಹಾಗೆ ದಾವಣಗೆರೆಗೆ ಬಂದಳು. ಷಬ್-ಎ-ಬರಾತ್ ಬಂದರೆ ನಾನು ಖಬರಸ್ತಾನಕ್ಕೆ ಹೋಗಿ ನಮ್ಮ ಹಿರಿಯರ ಗೋರಿಗೆ ಹೂವು ಹಾಕಿ ಬರುತ್ತೇನೆ. ಅವಳ ಅಬ್ಬಾನಿಗೆ ಗೋರಿಯೇ ಇಲ್ಲ. ಆವತ್ತು ಅವಳು ಯಾರ ಜೊತೆಗೂ ಸರಿಯಾಗಿ ಮಾತಾಡುವುದಿಲ್ಲ. ತವರಿಗೆ ಹೋದರೂ ಕಡಲ ಕಡೆಯ ಕಿಟಕಿ ಮುಚ್ಚಿಯೇ ಕೂರುತ್ತಾಳೆ.

ಇಂಥವಳ ಮನೆಯೊಳಗೆ ನಾನು ಸಮುದ್ರ ತರಲು ಹೊರಟಿದ್ದೆ. ನನ್ನ ಬುದ್ಧಿಗಿಷ್ಟು!

ಸಮುದ್ರದ ನೀರು ಮಾಡುವ ಉಪ್ಪಿನ ಪುಡಿಯನ್ನು ಹೇಗೋ ಕದ್ದುಮುಚ್ಚಿ ತಂದೆ. ಫಿಲ್ಟರ್ ನೀರಿನಲ್ಲಿ ಕದಡಿ ತುಂಬಿಸಿದೆ. ಅದಕ್ಕೆ ವಾಸನೆ ಅಷ್ಟಿರಲಿಲ್ಲ, ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ ಇಂಥದೇ ತೊಟ್ಟಿ ಸಾಕಿಕೊಂಡಿರುವ ಒಬ್ಬರು ತಮ್ಮ ತೊಟ್ಟಿಯಲ್ಲೇ ಹಳೆಯದಾದ ಕೆಲವು ಕಲ್ಲುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಬಸ್ಸಿನ ಪಾರ್ಸೆಲ್ಲಿಗೆ ಹಾಕಿದರು. ಡಬ್ಬ ಬಿಚ್ಚಿದೆನೋ ಇಲ್ಲವೋ, ಕಡಲಿನ ವಾಸನೆ ಹಾಲ್ ತುಂಬ ಹರಡಿತು. ಚಪಾತಿ ಲಟ್ಟಿಸುತ್ತಿದ್ದವಳು ಬಾಗಿಲಿಗೆ ಬಂದು ನಿಂತಳು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಇಷ್ಟು ವರ್ಷದಲ್ಲಿ ಅವಳ ಮಾತು ಪೂರಾ ದಾವಣಗೆರೆಯದಾಗಿದೆ. ಸಿಟ್ಟು ಬಂದರೆ ಮಾತ್ರ ಅವರೂರಿನ 'ಎಂತ' ಹೊರಬರುತ್ತದೆ.

"ಎಂತ ಮಾಡಿದ್ರಿ ನೀವು?" ಎಂದಳು.

ಉತ್ತರಕ್ಕೆ ಕಾಯಲಿಲ್ಲ. ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ತೆಗೆದುಬಿಡುತ್ತೇನೆ ಎಂದು ಬಾಗಿಲ ಹೊರಗೆ ನಿಂತು ಹೇಳಿದೆ. ಒಳಗಿನಿಂದ ಬಹಳ ಹೊತ್ತಿನ ಮೇಲೆ ದನಿ ಬಂತು. "ಬ್ಯಾಡ. ತಂದಿರಿ, ಇರ್ಲಿ. ಬೇಸಿಗಿ ಮುಗಿಯೋ ತನಕ ನೋಡ್ತೀನಿ. ಆಮ್ಯಾಲೂ ನನ್ನ ಎದಿ ಹಿಂಗೇ ಹೊಡ್ಕಂಡ್ರೆ ಒಂದು ಹನಿ ಇರಬಾರ್ದು ಮನ್ಯಾಗೆ." ಅಂದಿನಿಂದ ಅವಳು ಹಾಲ್‌ಗೆ ಬರುವುದನ್ನೇ ಬಿಟ್ಟಳು. ಊಟ, ಚಹಾ, ನಮಾಜು, ಪಕ್ಕದ ಮನೆಯವರ ಜೊತೆ ಹರಟೆ, ಎಲ್ಲ ಹಿತ್ತಲ ಕಡೆಯಿಂದಲೇ ನಡೆಯಿತು. ಇಪ್ಪತ್ತು ವರ್ಷ ಬಾಳಿದ ಮನೆಯಲ್ಲಿ ಅರ್ಧ ಮನೆ ಅವಳಿಗೆ ಇಲ್ಲವಾಯಿತು. ಆದರೂ ನನಗೆ ತೊಟ್ಟಿಯನ್ನು ಬಿಡಲು ಆಗಲಿಲ್ಲ.

ಶುರುವಿನಲ್ಲಿ ಅದರಲ್ಲಿ ನೋಡುವುದಕ್ಕೆ ಏನಿತ್ತು? ಕಲ್ಲು, ನೀರು. ಉಪ್ಪುನೀರು ಹದಕ್ಕೆ ಬರಲು ವಾರಗಟ್ಟಲೆ ಕಾಯಬೇಕು, ಅಲ್ಲಿಯವರೆಗೆ ಮೀನು ಬಿಡುವಂತಿಲ್ಲ. ನಡುವೆ ಎಲ್ಲದರ ಮೇಲೂ ಕಂದು ಧೂಳಿನಂಥದು ಕೂತಿತು. ಎದುರು ಮನೆಯ ದರ್ಜಿ ಬಂದು ಬಗ್ಗಿ ನೋಡಿ, "ಏನ್ರಿ ಸಾಹೇಬ್ರೆ, ಎಲ್ರೂ ಮೀನು ಸಾಕ್ತಾರೆ, ನೀವು ಕಲ್ಲು ಸಾಕೀರಾ?" ಎಂದ. ನಾನು ಬಟ್ಟೆ ತೆಗೆದುಕೊಂಡು ಗಾಜು ಒರೆಸತೊಡಗಿದೆ.

ಒಂದು ಬೆಳಿಗ್ಗೆ ದೀಪ ಹಾಕಿ ನೋಡುತ್ತೇನೆ, ಕಲ್ಲಿನ ಸಣ್ಣ ತೂತಿನಿಂದ ಏನೋ ಹೊರಗೆ ಬಂದಿದೆ. ಅಕ್ಕಿಕಾಳಿನಷ್ಟು ಅಗಲದ ಒಂದು ಬೀಸಣಿಗೆ. ನಾನು ಉಸಿರು ಬಿಟ್ಟದ್ದೇ ತಡ, ಸರಕ್ಕನೆ ಒಳಗೆ ಹೋಯಿತು. ಕುರ್ಚಿ ಎಳೆದುಕೊಂಡು ಕೂತೆ. ಮೆಲ್ಲಗೆ ಮತ್ತೆ ಬಂತು. ಅದು ಹುಳು, ಆ ಬೀಸಣಿಗೆಯಿಂದ ನೀರು ಸೋಸಿ ತಿನ್ನುತ್ತದೆ ಎಂದು ಕಲ್ಲು ಕಳಿಸಿದವರು ಫೋನಿನಲ್ಲಿ ಹೇಳಿದರು. ಹುಡುಕಿದರೆ ಇನ್ನೂ ಇದ್ದವು: ಗಾಜಿನ ಮೇಲೆ ತೆವಳುವ, ಸಾಸಿವೆಗಿಂತ ತುಸು ದೊಡ್ಡ ನಕ್ಷತ್ರಮೀನು, ಚುಕ್ಕೆಯಂತೆ ಜಿಗಿಯುವ ಇನ್ನೇನೋ. ಇವನ್ನೆಲ್ಲ ನಾನು ಕರೆದಿರಲಿಲ್ಲ. ಒದ್ದೆ ಕಾಗದದೊಳಗೆ, ಬಸ್ಸಿನ ಡಿಕ್ಕಿಯಲ್ಲಿ, ಜೀವ ಹಿಡಿದುಕೊಂಡು ಬಂದಿದ್ದವು. ಬದುಕೆಲ್ಲ ಗಾಜಿನ ಮೇಲಿನ ಗೀರು, ಗುಳ್ಳೆ ಹುಡುಕಿದ ಕಣ್ಣು ನನ್ನದು. ಮೊದಲ ಸಲ ಗಾಜಿನ ಆಚೆ ನೋಡಿದೆ.

ಆಮೇಲೆ ಹವಳ. ಹವಳವೆಂದರೆ ನನಗೆ ಗೊತ್ತಿದ್ದದ್ದು ಉಂಗುರದಲ್ಲಿ ಕೂರಿಸುವ ಕೆಂಪು ಕಲ್ಲು, ನಮ್ಮ ಮಾತಿನ ಮೂಂಗಾ. ಸಮುದ್ರದಿಂದ ಮುರಿದು ತರುವುದು ಅಪರಾಧ; ಬೆಂಗಳೂರಿನವರು ತಮ್ಮ ತೊಟ್ಟಿಯಲ್ಲೇ ಬೆಳೆದಿದ್ದರಲ್ಲಿ ಒಂದು ಚೂರು ಕೊಟ್ಟರು. ಬಂದಾಗ ಒಣಗಿದ ದ್ರಾಕ್ಷಿಯ ಗೊಂಚಲಿನ ಹಾಗಿತ್ತು. ಮಾರನೆಯ ದಿನ ಬೆಳಕಿಗೆ ಅದರ ಬಾಯಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಕೋಟಿನ ಗುಂಡಿಯಷ್ಟು ಅಗಲ, ನಡುವೆ ಗಿಳಿಹಸಿರು, ಸುತ್ತ ಕಿತ್ತಳೆ ಬಣ್ಣದ ಎಳೆಗಳು. ಒಂದರ ಮೇಲೆ, ಮುಂದೆ ಮೀನಿಗೆಂದು ತಂದಿಟ್ಟಿದ್ದ ಆಹಾರದ ಚೂರು ಬಿಟ್ಟೆ. ಎಳೆಗೂಸು ಬೆರಳು ಹಿಡಿದಂತೆ ಮುಚ್ಚಿಕೊಂಡು ನುಂಗಿತು. ಕಲ್ಲು ಎಂದುಕೊಂಡದ್ದು ಉಣ್ಣುತ್ತಿದೆ! ಸುಬ್ಹಾನಲ್ಲಾ ಎಂದು ಬಾಯಿಂದ ತಾನಾಗಿ ಬಂತು. ಕಣ್ಣಲ್ಲಿ ನೀರು ಕೂಡ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. "ಬಾರೇ, ಒಂದ್ಸಲ ನೋಡು ಬಾರೇ" ಎಂದು ಕೂಗಿದೆ. ಅಡಿಗೆಮನೆಯಿಂದ ಪಾತ್ರೆ ಕುಕ್ಕಿದ ಸದ್ದು ಬಂತು.

ಎರಡು ಕಿತ್ತಳೆ ಮೀನು ಬಂದವು, ಮೈಮೇಲೆ ಬಿಳಿ ಪಟ್ಟೆಯವು. ಕೆಂಪು ಬೆನ್ನಿನ ಒಂದು ಶಿಗಡಿ ಬಂತು. ಅಷ್ಟರಲ್ಲಿ ನಮ್ಮ ಬೇಸಿಗೆಯೂ ಬಂತು. ದಾವಣಗೆರೆಯ ಬಿಸಿಲು ಹವಳಕ್ಕೆ ವಿಷ. ನೀರು ಕಾದರೆ ಬಣ್ಣ ಬಿಟ್ಟು ಬೆಳ್ಳಗಾಗಿ ಸಾಯುತ್ತದೆ. ಫ್ಯಾನನ್ನು ನೀರಿನ ಮೇಲೆ ತಿರುಗಿಸಿಟ್ಟೆ. ಬಾಟಲಿಗಳಲ್ಲಿ ನೀರು ಗಟ್ಟಿಮಾಡಿ ಫ್ರಿಜ್ ತುಂಬಿಸಿದೆ. ಹಾಲಿನ ಪಾತ್ರೆಗೆ ಜಾಗವಿಲ್ಲ ಎಂದು ಬೈಗುಳ ತಿಂದೆ.

ಆ ದಿನ ನಾನು ಹರಿಹರದಲ್ಲಿದ್ದೆ, ಹೊಳೆ ಕಡೆಯ ಹೊಸ ಕಟ್ಟಡವೊಂದಕ್ಕೆ ದೊಡ್ಡ ಗಾಜು ಕೂರಿಸುತ್ತಿದ್ದೆ. ಮಧ್ಯಾಹ್ನ ಅವಳ ಫೋನು.

"ಕರೆಂಟ್ ಹೋಗೈತ್ರಿ. ಟ್ರಾನ್ಸ್‌ಫಾರ್ಮರ್ ಸುಟ್ಟೈತಂತೆ, ಸಂಜಿ ತನಕ ಬರಂಗಿಲ್ಲಂತೆ. ಇನ್‌ವರ್ಟರೂ ಕುಯ್ಯೋ ಅಂತ ಸುಮ್ನಾತು." ಆಮೇಲೆ, "ನಿಮ್ಮ ಸಮುದ್ರದ ಸದ್ದು ನಿಂತೈತೆ" ಎಂದಳು.

ಪಂಪು ನಿಂತರೆ ನೀರು ಆಡುವುದಿಲ್ಲ, ಆಡದ ನೀರಿನಲ್ಲಿ ಉಸಿರಿಲ್ಲ. ಅರ್ಧ ಎತ್ತಿದ ಗಾಜನ್ನು ಕೆಲಸದವರ ಮೇಲೆ ಬಿಟ್ಟು ಬರುವಂತೆಯೂ ಇಲ್ಲ. "ಫ್ರಿಜ್‌ನಾಗಿನ ಬಾಟ್ಲಿ ಒಂದೊಂದೇ ಇಳಿಬಿಡು. ಜಗ್ಗಿನಾಗೆ ನೀರು ಎತ್ತಿ ಎತ್ತಿ ಮ್ಯಾಲಿಂದ ಸುರಿ. ಕೈ ಹಾಕಿ ಕಲಕಿದ್ರೂ ಆತು" ಎಂದೆ.

"ನಾ ಕೈ ಹಾಕಂಗಿಲ್ಲ."

"ಜೀವ ಹೋಗ್ತಾವೆ ಕಣೇ."

ಆ ಮಾತನ್ನು ಯಾರಿಗೆ ಹೇಳಿದೆ ಎಂದು ಆಮೇಲೆ ಹೊಳೆಯಿತು, ನಾಲಿಗೆ ಕಚ್ಚಿಕೊಂಡೆ. ಫೋನು ಕಟ್ಟಾಗಿತ್ತು. ಮತ್ತೆ ಮಾಡಿದರೆ ಎತ್ತಲಿಲ್ಲ. ಗಾಜು ಕೂತದ್ದೇ ಸಿಕ್ಕ ಬಸ್ಸಿಗೆ ಜೋತುಬಿದ್ದೆ. ದಾರಿಯುದ್ದಕ್ಕೂ ಹವಳ ಸತ್ತಿರಲಿ ಬಿಡು, ಅವಳೊಬ್ಬಳು ಸರಿಯಾಗಿದ್ದರೆ ಸಾಕು ಎಂದುಕೊಂಡೆ.

ಬಾಗಿಲು ತೆರೆದೇ ಇತ್ತು. ಕರೆಂಟ್ ಇನ್ನೂ ಬಂದಿರಲಿಲ್ಲ. ಪಡುವಣ ಕಿಟಕಿಯ ಪರದೆಯನ್ನು ಅವಳು ಸರಿಸಿದ್ದಳು, ಇಳಿಬಿಸಿಲು ತೊಟ್ಟಿಯ ಮೂಲಕ ಹಾದು ಎದುರು ಗೋಡೆಯ ಮೇಲೆ ಅಲೆಯಾಡುತ್ತಿತ್ತು. ಅವಳು ಸ್ಟೂಲಿನ ಮೇಲೆ ಕೂತು, ತೋಳು ಮೇಲೆ ಸರಿಸಿ, ಮೊಣಕೈವರೆಗೆ ಕೈಯನ್ನು ತೊಟ್ಟಿಯ ನೀರಿಗೆ ಇಳಿಬಿಟ್ಟಿದ್ದಳು. ನೆಲವೆಲ್ಲ ಒದ್ದೆ. ಬದಿಯಲ್ಲಿ ಐಸ್ ಕರಗಿದ ಬಾಟಲಿಗಳ ರಾಶಿ. ಹವಳದ ಬಾಯಿಗಳೆಲ್ಲ ತೆರೆದೇ ಇದ್ದವು.

"ಶ್!" ಎಂದಳು. "ಅಲ್ಲಾಡಬ್ಯಾಡ್ರಿ."

ಬಗ್ಗಿ ನೋಡಿದೆ. ಶಿಗಡಿ ಅವಳ ಬೆರಳ ಮೇಲೆ ಹತ್ತಿ ಕೂತು, ಸಣ್ಣ ಕೈಗಳಿಂದ ಉಗುರಿನ ಸಂದು ಸ್ವಚ್ಛ ಮಾಡುತ್ತಿತ್ತು. ಮೀನುಗಳೆರಡೂ ಮಣಿಕಟ್ಟಿನ ಸುತ್ತ ಸುಳಿಯುತ್ತಿದ್ದವು.

"ಬುಟ್ಟಿಗಟ್ಲೆ ಶಿಗಡಿ ಸುಲ್ದ ಕೈ ಇದು," ಎಂದಳು ಮೆಲ್ಲಗೆ. "ಇವಕ್ಕೆ ಗೊತ್ತಿಲ್ಲ ನೋಡ್ರಿ." ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವಳು ನೀರಿನಿಂದ ಕಣ್ಣು ಕೀಳದೆಯೇ ಕೇಳಿದಳು:

"ಅಬ್ಬಾ ಇರೋ ಜಾಗ ಬರೀ ಕತ್ಲು ಅಂತ ತಿಳ್ಕಂಡಿದ್ದೆ. ಅವ್ರು ಒಬ್ರೇ ಅದಾರೆ ಅಂತ. ಅಲ್ಲೂ ಹಿಂಗೇ ಬೆಳಕು ಐತೇನ್ರಿ?"

ನಾನು ಸಮುದ್ರದ ತಳ ಕಂಡವನಲ್ಲ. ಅವಳೂರಿನ ಕಡಲು ಕೆಸರುನೀರಿನದು ಎಂದು ಅವಳ ಅಣ್ಣಂದಿರೇ ಹೇಳಿದ್ದು ನೆನಪಿದೆ.

"ಐತೆ" ಎಂದೆ.