ಅತ್ತೆ ಕೂರುತ್ತಿದ್ದ ಜಗಲಿಗಳು

ನಮ್ಮತ್ತೆ ಉಸಿರು ಬಿಡುವಾಗ ತುಟಿ ಕಿರಿದು ಮಾಡಿ, ಒಲೆ ಊದುವವರಂತೆ ಊದುತ್ತಿದ್ದರು. ಉಸಿರು ಎಳೆದುಕೊಂಡಾಗ ಕೊರಳ ಬುಡದ ಗುಳಿ ಒಂದು ಅಡಿಕೆ ಇಡುವಷ್ಟು ಒಳಕ್ಕೆ ಹೋಗುತ್ತಿತ್ತು. ನಲವತ್ತು ವರ್ಷ ಹಸಿ ಸೌದೆಯ ಹೊಗೆ ಕುಡಿದು ಬಂದ ಗೂರಲು ಅದು.

ಹೀಗಿದ್ದರೂ ಬೆಳಗಾದರೆ ಒಂದು ತಂಬಿಗೆ ಹಿಡಿದು ಊರಾಚೆಯ ಬಾವಿಗೆ ಹೊರಡುವುದನ್ನು ಬಿಡುತ್ತಿರಲಿಲ್ಲ. ಮನೆಗೆ ಬೇಕಾದ ನೀರನ್ನೆಲ್ಲ ನಾನೇ ಸೇದಿ ತರುತ್ತಿದ್ದೆ. ಆ ತಂಬಿಗೆ ನೀರಿನಿಂದ ಆಗಬೇಕಾದ್ದೇನೂ ಇರಲಿಲ್ಲ. ಹೋಗುವಾಗ ನಾಲ್ಕು ಜಗಲಿ, ಬರುವಾಗ ನಾಲ್ಕು ಜಗಲಿ, ಒಂದನ್ನೂ ಬಿಡದೆ ಕೂರುವರು.

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಹಿರೇನಲ್ಲೂರಿನಿಂದ ಅಜ್ಜಂಪುರದ ಕಡೆಯ ಈ ಊರಿಗೆ ಸೊಸೆಯಾಗಿ ಬಂದು ಐದು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಆ ಮಹಾರಾಜರ ಕಾಲದಲ್ಲಿ ಅಂಥವಳ ಗಂಡನಿಗೆ ಇನ್ನೊಂದು ಮದುವೆ ಮಾಡಿದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅತ್ತೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರುತ್ತಿದ್ದುದು ಏರಿನ ತುದಿಯ ಮನೆಯಲ್ಲಿ, ಆ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಳು. ಇನ್ನೇನು ಬೇಕು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಂದು ದಿನ ಕೊಡ ಹೊತ್ತು ದೂರದಿಂದ ನೋಡಿದೆ. ಆ ಮನೆಯಾಕೆ ಕೈಯಾಡಿಸುತ್ತ ಮಾತಾಡುತ್ತಿದ್ದಳು, ನಮ್ಮತ್ತೆ ತಲೆದೂಗುತ್ತಿದ್ದರು. ಲಗ್ನ ಗೊತ್ತಾಗಿಯೇ ಹೋಯಿತು ಎಂದುಕೊಂಡೆ.

ಗಂಡನ ಹತ್ತಿರ ಅಳಲಿಲ್ಲ, ನಯವಾಗಿ ಹೇಳಿದೆ. “ಅತ್ತೆಯೋರು ಏದುಸ್ರು ಬಿಡ್ತಾ ಬೀದೀಲಿ ಕೂತ್ರೆ ಜನ ನಮ್ಗೇನಂತಾರೆ? ಮನೇಲೇ ಕೂತಿರ್ಲಿ, ಎಲ್ಲಾ ನಾನೇ ಮಾಡ್ತೀನಿ.”

ನನ್ನ ಗಂಡನಿಗೆ ಕಣ್ಣು ತುಂಬಿ ಬಂತು. ತಾಯಿ ಹೊಸಿಲು ದಾಟಕೂಡದೆಂದು ಕಟ್ಟಪ್ಪಣೆಯಾಯಿತು.

“ಕೂತ್ಕಂಡ್ರೆ ಕೂತೇ ಹೋಗ್ತೀನಿ ಕಣಪ್ಪಾ. ನಡೀತಾ ಇದ್ರೆ ಒಂದೀಟು ಉಸ್ರು ಉಳೀತದೆ,” ಎಂದರು ಅತ್ತೆ ಮಗನಿಗೆ. ಹೊಸ ಬೀಗರ ಮನೆಗೆ ಹೋಗಲು ಎಂಥಾ ನೆವ ಎಂದು ನಾನು ಒಳಗೊಳಗೇ ಉರಿದೆ.

ಕಂಬಳಿ ಹಾಸಿ ಕೂರಿಸಿದೆ. ಕೂತಲ್ಲಿಗೇ ಅಂಬಲಿ, ಕೂತಲ್ಲಿಗೇ ಬಿಸಿನೀರು. ರಾಗಿ ತೆನೆ ಬರುವ ಹೊತ್ತಿಗೆ ಹಿತ್ತಲಿಗೆ ಹೋಗಿಬರಲೂ ಅವರಿಗೆ ನನ್ನ ಹೆಗಲು ಬೇಕಾಯಿತು.

ಆಗ ಏರಿನ ಮನೆಯಾಕೆ ನೋಡಲು ಬಂದಳು. ಮಗಳನ್ನು ತರೀಕೆರೆಯ ಅಮಲ್ದಾರ್ ಕಚೇರಿಯ ಜವಾನನಿಗೆ ಕೊಟ್ಟಾಯಿತು ಎಂದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು. “ಯಾಕಮ್ಮ ಹಿಂಗಾದ್ರು? ಏರು ಹತ್ತಿ ಬಂದು ನಮ್ ಜಗ್ಲೀಲಿ ಕೂತ್ರೆ, ಎದೆ ತಗ್ಗೋಗಂಟ ತುಟಿ ಬಿಚ್ತಿರ್ಲಿಲ್ಲ. ‘ನೀನೇ ಏನಾರ ಹೇಳು, ಕೇಳ್ತೀನಿ’ ಅನ್ನೋರು. ಏದುಸ್ರು ಯಾರ್ಗೂ ಕಾಣ್ಬಾರ್ದು ಅಂತ ಅವ್ರಿಗೆ.”

ಅವಳು ಹೋದ ಮೇಲೆ ಅತ್ತೆಯ ಮುಂದೆ ಕೂತು, ಎರಡನೇ ಮದುವೆಯ ಅನುಮಾನವನ್ನೆಲ್ಲ ಬಿಚ್ಚಿ ಹೇಳಿದೆ. ಅವರು ತುಟಿ ಕಿರಿದು ಮಾಡಿ ಎರಡು ಸಲ ಊದಿದರು.

“ನಿನ್ ಮಾತು ಆಡೋಕೆ... ಉಸ್ರೆಲ್ಲಿತ್ತೇ ನಂಗೆ?”

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನದಿಂದ ಕೈಹಿಡಿದು ನಡೆಸಿದೆ. ಮೊದಲು ಕಂಬದವರೆಗೆ, ಆಮೇಲೆ ಹೊಸಿಲವರೆಗೆ. ಒಂದು ದಿನ ಪಕ್ಕದ ಮನೆಯ ಜಗಲಿ ಮುಟ್ಟಿದೆವು, ಅಷ್ಟೇ. ಸಂಕ್ರಾಂತಿಗೆ ಮುಂಚಿನ ಚಳಿಯಲ್ಲಿ ಹೋಗಿಬಿಟ್ಟರು.

ನನಗೆ ಆಮೇಲೆ ಮಕ್ಕಳಾದವು, ಸೊಸೆಯರೂ ಬಂದರು. ಅತ್ತೆಯ ಕಾಲು ನೆಲಕ್ಕೆ ತಾಗದಂತೆ ನೋಡಿಕೊಂಡವಳು ಎಂದು ಊರವರು ಈಗಲೂ ಆ ಸೊಸೆಯರಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಾರೆ. ಅವರು ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.