ಯಂತ್ರ ಯಾವ ಕಿವಿಗೆ

ಅಮ್ಮನ ಹತ್ತಿರ ಹಿಂದಿನಿಂದ ಮಾತಾಡಬೇಡಿ, ಎದುರಿಗೆ ಬಂದು ನಿಲ್ಲಿ ಎಂದು ನಾನು ನಿಮ್ಮಿಬ್ಬರಿಗೂ ಗದರುತ್ತಿರುತ್ತೇನೆ. ಯಾಕೆ ಎಂದು ನೀವು ಕೇಳಿದ್ದೀರಿ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಧಾರವಾಡದ ಕಡೆಯ ಹಳ್ಳಿ ಬಿಟ್ಟು ಮರಾಠಿ ಸೀಮೆಯ ಹಡಪಸರದ ಈ ಮನೆಗೆ ಬಂದೆ. ಮಗಳ ಮನೆಯಲ್ಲಿ ಇರುವುದೆಂದರೆ ನನಗೆ ಮೈ ಮುದುಡಿದ ಹಾಗೆ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಮರೆಗೆ ನಿಲ್ಲುತ್ತಾಳೆ, ನೇರ ಮಾತಾಡುವುದಿಲ್ಲ. ನಿಮ್ಮಪ್ಪನಿಗೆ ಏನಾದರೂ ತಿಳಿಸಬೇಕಾದರೆ ನಿಮ್ಮಮ್ಮನಿಗೆ ಹೇಳುತ್ತಿದ್ದೆ, ಅವಳು ಅವರಿಗೆ ದಾಟಿಸುತ್ತಿದ್ದಳು. ಊಟಕ್ಕೆ ಏಳಿ ಎನ್ನುವುದು ಕೂಡ ಹಾಗೆಯೇ.

ನಿಮ್ಮಮ್ಮ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು, ನಿಮ್ಮಪ್ಪ ಅದೇ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದರು. ಹಡಪಸರದ ಮಂಗಲ ಕಾರ್ಯಾಲಯಗಳಲ್ಲಿ ಮದುವೆ, ಖಡಕಿಯಲ್ಲಿ ಮಿಲಿಟರಿ ಮಂದಿಯ ಪಾರ್ಟಿ, ಶಿರೂರಿನ ಕಡೆ ಬಯಲಿನಲ್ಲಿ ಪೆಂಡಾಲು. ನಿಮ್ಮಲ್ಲಿ ಸಣ್ಣವಳು ಆಗ ಇನ್ನೂ ಎದೆಹಾಲು ಕುಡಿಯುತ್ತಿದ್ದಳು. ಅವಳನ್ನು ಎತ್ತಿಕೊಂಡು ನಾನೂ ಜೊತೆಗೆ ಹೋಗಿ ಮುಂದಿನ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದೆ.

ಹಾಡುವವರಿಗೆ ತಮ್ಮ ದನಿ ತಮಗೆ ಕೇಳಲಿ ಎಂದು ಅವರ ಕಾಲಬುಡದಲ್ಲಿ, ಅವರ ಕಡೆ ಮುಖ ಮಾಡಿ, ಸ್ಪೀಕರ್ ಪೆಟ್ಟಿಗೆ ಇಡುತ್ತಾರೆ. ಕೀಬೋರ್ಡಿನವನು ತನ್ನ ಸೌಂಡ್ ಏರಿಸು ಎನ್ನುತ್ತಾನೆ. ಆಮೇಲೆ ಗಿಟಾರಿನವನಿಗೆ ತನ್ನದು ಕೇಳುವುದಿಲ್ಲ. ಅಷ್ಟರಲ್ಲಿ ನಿಮ್ಮಮ್ಮನ ದನಿ ಮುಳುಗಿರುತ್ತದೆ, ಅವಳದೂ ಏರಬೇಕು. ಒಬ್ಬರೂ ಇಳಿಸು ಎಂದದ್ದನ್ನು ನಾನು ಕೇಳಲಿಲ್ಲ. ಅವಳ ಬಲಕ್ಕೆ ನಿಮ್ಮಪ್ಪನ ಡ್ರಮ್ಮುಗಳು, ಅದರ ಹಿತ್ತಾಳೆಯ ತಾಟು ಸರಿಯಾಗಿ ಅವಳ ಕಿವಿಯ ಮಟ್ಟಕ್ಕೆ.

ಮೊದಲು ಬೇಳೆ ತಳ ಹತ್ತಿತು. ಕುಕ್ಕರು ಕೂಗುತ್ತಲೇ ಇತ್ತು, ಅವಳು ಅದರ ಪಕ್ಕದಲ್ಲೇ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಕೇಳಿದ್ದಕ್ಕೆ ನಕ್ಕು, "ಬಲಗಿವ್ಯಾಗ ಒಂದು ಜೀರುಂಡಿ ಕುಂತದವ್ವ, ಅದರ ಸಪ್ಪಳದಾಗ ಉಳಿದದ್ದು ಏನೂ ಕೇಳಂಗಿಲ್ಲ" ಅಂದಳು. ಜೀರುಂಡೆ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಹೊರಗಿನಿಂದ ನಾವು ನೋಡುತ್ತಿದ್ದೆವು. ಬಹಳ ಹೊತ್ತು ಅವಳ ಬೆರಳು ಅಲ್ಲಾಡಲಿಲ್ಲ. ಬಲಗಿವಿಯ ನರ ಸತ್ತಿದೆ, ಔಷಧಿ ಇಲ್ಲ ಎಂದರು ಡಾಕ್ಟರು. ಎಡಗಿವಿ ಗಟ್ಟಿ ಇದೆ, ಅದನ್ನು ಕಾಯ್ದುಕೊಳ್ಳಿ. ಹಾಡುವುದಾದರೆ ಕಾಲಬುಡದ ಪೆಟ್ಟಿಗೆ ಬಿಟ್ಟು, ಈಗಿನ ಹಾಡುಗಾರರು ಹಾಕುವಂತೆ ಕಿವಿಯೊಳಗಿನ ಮಾನಿಟರ್ ಹಾಕಿಕೊಳ್ಳಿ. ಹೊರಗಿನ ಗದ್ದಲ ತಡೆದು, ಹಾಡುವವರ ದನಿಯನ್ನು ಮೆಲ್ಲಗೆ ಅವರಿಗೇ ಕೇಳಿಸುತ್ತದೆ ಅದು. ಇಷ್ಟು ಹೇಳಿ ಅವರು ಮುಂದಿನ ರೋಗಿಯನ್ನು ಕರೆದರು.

ಪೇಟೆಯಲ್ಲಿ ಆ ಮಾನಿಟರ್ ಮಾರುವ ಅಂಗಡಿಯವರು ಬೆಳಗಾವಿ ಕಡೆಯವರು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಎದ್ದು ಬಂದು ನನಗೂ ಕುರ್ಚಿ ಹಾಕಿದರು. ಆ ಮಧ್ಯಾಹ್ನವೆಲ್ಲ ಆರಿಸುವುದರಲ್ಲೇ ಕಳೆಯಿತು. ರಬ್ಬರಿನ ತುದಿ ಇರುವ ಜೋಡಿ ಮೊದಲು ಕೊಟ್ಟರು. ಏರುದನಿಗೆ ಅವಳು ಬಾಯಿ ಅಗಲಿಸಿದ ಕೂಡಲೇ ಅದು ಜಾರಿ ಹೊರಗೆ ಬಂತು. ಹಾಗಾದರೆ ಕಿವಿಯ ಅಚ್ಚು ತೆಗೆದೇ ಮಾಡಿಸಬೇಕು ಎಂದರು. ವೈರಿನದು ನಂಬಿಗಸ್ತ, ಆದರೆ ಮದುವೆಯಲ್ಲಿ ಅವಳು ಹಾಡುತ್ತ ಮದುಮಕ್ಕಳ ಕುರ್ಚಿಯವರೆಗೆ ಇಳಿದು ಹೋಗಬೇಕು. ಅದಕ್ಕೆ ವೈರ್‌ಲೆಸ್. ಅದರ ರಿಸೀವರ್ ಡಬ್ಬಿಯನ್ನು ಬೆಲ್ಟಿಗೆ ಸಿಕ್ಕಿಸಬೇಕಂತೆ, ಸೀರೆಗೆ ಬೆಲ್ಟ್ ಎಲ್ಲಿ? ಒಳಲಂಗದ ಸೊಂಟಕ್ಕೆ ಜೇಬು ಹೊಲಿದುಕೊಡುತ್ತೇನೆ ಎಂದು ಅವಳ ಕಿವಿಯಲ್ಲಿ ಹೇಳಿದೆ. ಎಡಗಿವಿಯಲ್ಲಿ.

ಆಗ ನಿಮ್ಮಪ್ಪ, "ಬಲಗಿವೀದು ಒಂದ ಮಾಡಿಕೊಡ್ರಿ" ಎಂದರು.

ಅಂಗಡಿಯವರು ನಕ್ಕರು. "ಚಪ್ಪಲ್ ಅಂಗಡಿಗೆ ಹೋಗಿ ಬಲಗಾಲಿಂದಷ್ಟ ಕೊಡ್ರಿ ಅಂತೀರೇನ್ರಿ? ಇದು ಜೋಡೀನ ಬರ್ತದ."

"ಎಡಗಿವಿ ಛಲೋ ಅದರಿ. ಛಲೋ ಇದ್ದ ಕಿವಿಗೆ ಮಷೀನ್ ಯಾಕ ತುರುಕೂದು?"

ಇದು ಕಿವುಡರ ಮಷೀನಲ್ಲ, ಎರಡೂ ಕಿವಿಗೆ ಹಾಕಬೇಕು, ಒಂದಕ್ಕೇ ಹಾಕಿದರೆ ಕಿವಿ ಕೆಡುತ್ತದೆ ಎಂದು ಅವರು ಬಿಡಿಸಿ ಹೇಳಿದರು. ನಾವು ತಲೆಯಾಡಿಸಿದೆವು. ಆದರೆ ಜೋಡಿ ಮಾರಬೇಕಾದವರು ಇನ್ನೇನು ಹೇಳುತ್ತಾರೆ ಎಂದೇ ಎಲ್ಲರ ಮನಸ್ಸಿನಲ್ಲಿತ್ತು. ನಿಮ್ಮಜ್ಜನಿಗೂ ಕೊನೆಗೆ ಕಿವಿ ಮಂದವಾಗಿತ್ತು, ಅವರು ಮಷೀನು ಹಾಕಿಕೊಂಡಿದ್ದು ಕೇಳದ ಕಿವಿಗೆ. ನಮ್ಮೂರಿನಲ್ಲಿ ಯಾರೂ ಕೇಳುವ ಕಿವಿಗೆ ಮಷೀನು ಹಾಕಿದ್ದನ್ನು ನಾನು ಕಂಡಿರಲಿಲ್ಲ.

ತಂಡದ ಯಜಮಾನರು ವಯಸ್ಸಾದ ಮರಾಠಿ ಗೃಹಸ್ಥರು, ಅವರದೂ ಅದೇ ಮಾತು. ಮದುವೆ ಮನೆಯಲ್ಲಿ ವರನ ಸೋದರಮಾವನೋ ಯಾರೋ ವೇದಿಕೆಯ ಅಂಚಿಗೆ ಬಂದು ಇಂಥ ಹಾಡು ಆಗಲಿ ಎಂದು ಫರ್ಮಾಯಿಶ್ ಕೊಡುತ್ತಾರೆ. ಹಾಡುವವಳು ಕಿವಿ ಮುಚ್ಚಿಕೊಂಡು ನಿಂತರೆ ಅವಳಿಗೆ ಸೊಕ್ಕು ಎನ್ನುತ್ತಾರೆ, ಮತ್ತೆ ಆ ಮನೆಯವರು ಕರೆಯುವುದಿಲ್ಲ. ಒಂದು ಕಿವಿ ತೆರೆದಿರಲೇಬೇಕು ಎಂದರು. ತೆರೆದಿರಬೇಕಾದದ್ದು ಕೇಳುವ ಕಿವಿಯೇ ತಾನೆ? ಜೋಡಿ ಬಂತು, ಬಲಗಿವಿಯದು ಬಲಗಿವಿಗೆ ಹೋಯಿತು, ಎಡಗಿವಿಯದು ಡಬ್ಬಿಯಲ್ಲಿ ಉಳಿಯಿತು.

ಮದುವೆಯ ಹಂಗಾಮು ಪೂರ್ತಿ ಅವಳು ಹಾಗೆಯೇ ಹಾಡಿದಳು. ಸತ್ತ ಕಿವಿಗೆ ಎಷ್ಟು ಕೊಟ್ಟರೂ ಸಾಲುತ್ತಿರಲಿಲ್ಲ. ಹಾಡಿನ ನಡುವೆ ಸೌಂಡಿನವನ ಕಡೆ ಕೈ ಮಾಡಿ ಇನ್ನೂ ಏರಿಸು ಎನ್ನುತ್ತಿದ್ದಳು. ಎಡಗಡೆ ಆಳೆತ್ತರದ ಸ್ಪೀಕರುಗಳು, ಅವುಗಳೆದುರು ಬರಿಗಿವಿ. ನಮಗೆಲ್ಲ ಸಮಾಧಾನವೇ ಇತ್ತು, ಒಳ್ಳೆಯ ಕಿವಿಯನ್ನು ಯಾವುದೂ ಮುಟ್ಟುತ್ತಿಲ್ಲವಲ್ಲ ಎಂದು.

ಹಂಗಾಮು ಮುಗಿದ ಮೇಲೆ ಒಂದು ದಿನ ಸಣ್ಣವಳು ತೊಟ್ಟಿಲಲ್ಲಿ ಅತ್ತಳು. ನಿಮ್ಮಮ್ಮ ಅಲ್ಲೇ ಬಟ್ಟೆ ಮಡಚುತ್ತ ಕೂತಿದ್ದಳು, ಮಡಚುತ್ತಲೇ ಇದ್ದಳು. ನಾನು ಓಡಿ ಬಂದದ್ದನ್ನು ನೋಡಿ, ಆಮೇಲೆ ತೊಟ್ಟಿಲ ಕಡೆ ನೋಡಿದಳು. ಮಗುವಿನ ತೆರೆದ ಬಾಯಿ ಕಂಡು ಅವಳ ಮುಖ ಹೇಗಾಯಿತು ಎನ್ನುವುದನ್ನು ನಾನು ಬರೆಯುವುದಿಲ್ಲ.

ಮತ್ತೆ ಅದೇ ಗಾಜಿನ ಕೋಣೆ. ಈ ಸಲ ಎಡಗಿವಿಗೂ ಬೆರಳು ತಡವಾಗಿ ಗುಂಡಿ ಒತ್ತುತ್ತಿತ್ತು. ಡಾಕ್ಟರು ಆ ಜೋಡಿ ತೋರಿಸಿ ಎಂದರು. ಬಲಗಿವಿಯದರ ಮೇಲೆ ಬೆವರಿನ ಕಲೆ, ಗುಗ್ಗೆ. ಎಡಗಿವಿಯದು ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು. ಅವರು ಅದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. ಗದ್ದಲ ತಡೆಯಬೇಕಾದ್ದು ಬದುಕಿರುವ ಕಿವಿಗಲ್ಲವೇ ಎಂದು ಕೇಳಿದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಹೋದದ್ದು ಬರುವುದಿಲ್ಲ, ಉಳಿದ ಅರ್ಧವನ್ನಾದರೂ ಹಿಡಿದುಕೊಳ್ಳಿ, ಇಲ್ಲವಾದರೆ ಮಕ್ಕಳ ದನಿ ಇವರಿಗೆ ಕೇಳುವ ಕಾಲ ಮುಗಿಯುತ್ತದೆ ಎಂದರು. ಆಟೋದಲ್ಲಿ ನಿಮ್ಮಪ್ಪ ಮನೆಯವರೆಗೆ ತಮ್ಮ ಅಂಗೈ ನೋಡಿಕೊಂಡೇ ಬಂದರು.

ಹಾಡುವುದನ್ನು ಬಿಟ್ಟರೆ ಮನೆ ನಡೆಯುವುದಿಲ್ಲ, ಅವಳೂ ಉಳಿಯುವುದಿಲ್ಲ. ನಿಮ್ಮಪ್ಪ ಡ್ರಮ್ಮು ತಾಟುಗಳನ್ನು ಕೊಟ್ಟುಬಿಟ್ಟು, ವೇದಿಕೆಯ ಮೇಲೆ ಸದ್ದೇ ಮಾಡದ ಎಲೆಕ್ಟ್ರಾನಿಕ್ ಪ್ಯಾಡ್ ತಂದರು. ಕಾಲಬುಡದ ಪೆಟ್ಟಿಗೆಗಳೆಲ್ಲ ಹೋದವು. ಎಲ್ಲರ ಕಿವಿಗೂ ಜೋಡಿ ಬಂತು, ನಿಮ್ಮಮ್ಮನ ಎರಡೂ ಕಿವಿ ಮುಚ್ಚಿದವು. ಹಾಗಾದರೆ ಫರ್ಮಾಯಿಶ್ ಕೇಳುವವರು ಯಾರು ಎಂದು ಯಜಮಾನರು ಪಟ್ಟು ಹಿಡಿದರು. ಅಂಗಡಿಯವರು ಒಂದು ಸಣ್ಣ ಮೈಕ್ ಕೊಟ್ಟರು. ಅದರಲ್ಲಿ ಆಡಿದ್ದು ಜನರಿಗೆ ಕೇಳಿಸದು, ಹಾಡುವವರ ಬಾರಿಸುವವರ ಕಿವಿಗಷ್ಟೇ ಹೋಗುತ್ತದೆ. ವೇದಿಕೆಯ ಕೆಳಗೆ ಕೂತು ಬಂದವರ ಮಾತು ಕೇಳಿ ಮೇಲಕ್ಕೆ ತಿಳಿಸಲು ಒಬ್ಬರು ಬೇಕು.

"ಅವ್ವ ಹೆಂಗೂ ಅಲ್ಲೇ ಕುಂತಿರ್ತಾಳ" ಎಂದಳು ನಿಮ್ಮಮ್ಮ.

ಅಳಿಯನ ಜೊತೆ ಒಂದು ಮಾತೂ ಆಡದ ನಾನು, ಅಳಿಯನ ಕಿವಿಯೊಳಗೇ ಮಾತಾಡಬೇಕಾಯಿತು. ಮೊದಲ ದಿನ ಮೈಕಿನ ಮೇಲೂ ಸೆರಗು ಮುಚ್ಚಿಕೊಂಡು ಉಸುರಿದೆ. ಏನೂ ತಿಳಿಯದೆ ತಂಡವೆಲ್ಲ ನನ್ನ ಕಡೆ ನೋಡಿತು. ನಿಮ್ಮಪ್ಪ ಪ್ಯಾಡಿನ ಹಿಂದಿನಿಂದ, "ಅತ್ತಿ, ಸೆರಗು ಹಾಡಾಕತ್ತದೋ ಏನೋ, ಸರಿಸಿ ಹೇಳ್ರಿ" ಎಂದರು. ಅವರು ನನ್ನೊಡನೆ ನೇರ ಆಡಿದ ಮೊದಲ ಮಾತು ಅದು. ನಿಧಾನಕ್ಕೆ ರೂಢಿಯಾಯಿತು, ಸಣ್ಣವಳು ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ನಿಮ್ಮಮ್ಮನ ಎಡಗಿವಿ ಈಗ ಇನ್ನಷ್ಟು ಕೆಡದೆ ನಿಂತಲ್ಲೇ ನಿಂತಿದೆ. ಎಷ್ಟು ದಿನ ಎಂದು ಡಾಕ್ಟರು ಹೇಳುವುದಿಲ್ಲ.

ವಿಚಿತ್ರವೆಂದರೆ, ಆ ಜೋಡಿ ಹಾಕಿಕೊಂಡಾಗ ನನ್ನ ಮಾತು ಅವಳಿಗೆ ಅಚ್ಚುಕಟ್ಟಾಗಿ ಕೇಳುತ್ತದೆ. ತೆಗೆದರೆ ಗೋಡೆಯಾಚೆ ಯಾರೋ ಗೊಣಗಿದ ಹಾಗಂತೆ.

ಹೋದ ತಿಂಗಳು ಶಿರೂರಿನಲ್ಲಿ ಮದುವೆ. ಮಧ್ಯಾಹ್ನ ಪೆಂಡಾಲು ಖಾಲಿ ಇತ್ತು, ಸೌಂಡ್ ಪರೀಕ್ಷೆ ನಡೆದಿತ್ತು. ನಿಮ್ಮಮ್ಮ ಎರಡೂ ಕಿವಿಗೆ ಹಾಕಿಕೊಂಡು ವೇದಿಕೆಯ ನಡುವೆ ನಿಂತಿದ್ದಳು. "ಅವ್ವಾ, ಮುಂಜಾನೆ ಸಣ್ಣಾಕಿ ಶಾಲಿಗೆ ಹೋಗೂ ಮುಂದ ನನಗ ಏನೋ ಹೇಳಿದ್ಲಲ್ಲ" ಎಂದಳು. "ಬಾಯಿ ಅಲ್ಲಾಡೂದು ಕಂಡೆ. ಏನಂದ್ಲು?"

ಸಣ್ಣವ್ವಾ, ನೀನು ಹೇಳಿದ್ದು ನನಗೆ ನೆನಪಿತ್ತು. ನಿನ್ನೆ ವರ್ಗದಲ್ಲಿ ಹಾಡು ಎಂದರು, ನಡುವೆ ಮರೆತೆ, ಎಲ್ಲರೂ ನಕ್ಕರು ಎಂದಿದ್ದೆ ನೀನು. ಅದನ್ನೇ ಮೈಕಿನಲ್ಲಿ ಹೇಳಿದೆ.

"ಅದಕ್ಕ ನಾ ಏನಂದೆ?"

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಭಾಳ ಛಲೋ ಆತು ಅಂದಿ. ಅಂದು ನಕ್ಕಿ."

ನಿಮ್ಮಪ್ಪನಿಗೂ ಅದು ಕೇಳಿತು, ಪ್ಯಾಡಿನ ಮೇಲಿನ ಕೋಲು ನಿಂತಿತು. ಸೌಂಡಿನವನು ನನ್ನ ದನಿ ಕೇಳುತ್ತಿಲ್ಲವೇನೋ ಎಂದು, ಏರಿಸಲೇ ಎಂಬಂತೆ ಅವಳಿಗೆ ಕೈ ಮಾಡಿದ. ಅವಳು ಬೇಡವೆಂದು ಅಂಗೈ ತೋರಿಸಿ ಕಣ್ಣು ಮುಚ್ಚಿದಳು.

"ಯಾವ ಹಾಡಂತ ಅವ್ವಾ? ಎಲ್ಲಿ ಮರತಳಂತ? ಎಲ್ಲಾ ಹೇಳು."

ನೀನು ಆ ಮುಂಜಾನೆ ಬಾಗಿಲಲ್ಲಿ ನಿಂತು ಆಡಿದ ಒಂದೊಂದು ಮಾತನ್ನೂ, ಪೆಂಡಾಲಿಗೆ ಜನ ಬರುವವರೆಗೆ, ನಾನು ಅವಳಿಗೆ ಹೇಳಿದೆ.