ಹಳೇಬೀಡಿನ ವಿಗ್ರಹದ ಕೈಯಲ್ಲಿರುವ ತೆನೆಯ ಕುರಿತು

ಮಾನ್ಯ ಓದುಗರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇದು ನನ್ನ ಮೊದಲ ಬರಹ. ಅರಸೀಕೆರೆಯ ಕಚೇರಿಯೊಂದರಲ್ಲಿ ಪತ್ರಗಳನ್ನು ಬರೆದೇ ಅಭ್ಯಾಸವಾದ್ದರಿಂದ ತಪ್ಪುಗಳಿದ್ದಲ್ಲಿ ಮನ್ನಿಸಬೇಕು.

ಹಗರೆಯಲ್ಲಿರುವ ನನ್ನ ಅತ್ತೆಯವರು ತಮ್ಮ ಹೊಲದಲ್ಲಿ ಮುಸುಕಿನ ಜೋಳ ಬೆಳೆಯುತ್ತಾರೆ. ಯಾರೇ ನೆಂಟರು ಬಂದರೂ ಅವರನ್ನು ಹಳೇಬೀಡಿಗೆ ಕರೆದೊಯ್ದು, ದೇವಸ್ಥಾನದ ಹೊರಗೋಡೆಯ ಒಂದು ವಿಗ್ರಹವನ್ನು ತೋರಿಸಿ, "ನೋಡ್ರೀ, ಕೈಯಲ್ಲಿರೋದು ನಮ್ ಜೋಳದ ತೆನೆ. ಬೇಕಾದ್ರೆ ಕಾಳು ಎಣಿಸ್ಕಳಿ" ಎನ್ನುವುದು ಅವರ ವಾಡಿಕೆ. ಅದನ್ನು ಊರಿನಲ್ಲಿ ಯಾರೂ ಅಲ್ಲಗಳೆದಿರಲಿಲ್ಲ.

ಕಳೆದ ವರ್ಷ ಹಗರೆಯ ಗ್ರಂಥಾಲಯದಲ್ಲಿ, ಓದಿದ್ದರ ಬಗ್ಗೆ ಹತ್ತು ನಿಮಿಷ ಮಾತನಾಡುವಂತೆ ನನ್ನನ್ನು ಕೇಳಿದರು. ನಾನು ಆಗ ದಕ್ಷಿಣ ಮೆಕ್ಸಿಕೋ ಹಾಗೂ ಗ್ವಾಟೆಮಾಲಾದ ಪ್ರಾಚೀನ ಜನರ ಬಗ್ಗೆ ಓದುತ್ತಿದ್ದೆ. ಅಲ್ಲಿನ ಪುರಾಣದ ಪ್ರಕಾರ ದೇವರುಗಳು ಮೊದಲು ಮಣ್ಣಿನಿಂದ ಮನುಷ್ಯರನ್ನು ಮಾಡಿದರು. ಅವರು ನೀರಿನಲ್ಲಿ ಕರಗಿಹೋದರು. ಮರದಿಂದ ಮಾಡಿದವರಿಗೆ ಮನಸ್ಸೇ ಇರಲಿಲ್ಲ. ಕೊನೆಗೆ ಮುಸುಕಿನ ಜೋಳದ ಹಿಟ್ಟಿನಿಂದ ಮಾಡಿದವರು ಉಳಿದರು. ಆ ಸೀಮೆಯ ಒಣ ಗುಹೆಗಳನ್ನು ಅಗೆದವರಿಗೆ ಸಾವಿರಾರು ವರ್ಷ ಹಳೆಯ, ಕಿರುಬೆರಳಿನಷ್ಟು ಚಿಕ್ಕ ತೆನೆಗಳು ಸಿಕ್ಕಿವೆ. ಈ ಮುಸುಕಿನ ಜೋಳ ಹಡಗೇರಿ ನಮ್ಮ ಕಡೆಗೆ ಬಂದದ್ದು ಹೊಯ್ಸಳರ ಕಾಲ ಮುಗಿದ ಮೇಲೆ. ಆದಕಾರಣ ವಿಗ್ರಹದ ಕೈಯಲ್ಲಿರುವುದು ಯಾವುದೋ ಹಣ್ಣಿರಬೇಕೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸದರಿ ಸಂಗತಿಯನ್ನು ಸಭೆಯಲ್ಲಿ ಓದಿದರೆ ಅತ್ತೆಯವರಿಗೆ ಊರಿನವರೆದುರು ಅವಮಾನ. ಬಿಟ್ಟರೆ ನಾನು ಸುಳ್ಳಿಗೆ ಸಹಿ ಹಾಕಿದಂತೆ.

ಸಭೆಯ ದಿನ, ಬರೆದು ತಂದಿದ್ದ ಹಾಳೆಗಳಲ್ಲಿ ಆ ಭಾಗಕ್ಕೆ ಬಂದಾಗ ಓದುವುದನ್ನು ನಿಲ್ಲಿಸಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅತ್ತೆಯವರು, "ಯಾಕವ್ವ ನಿಲ್ಲಿಸ್ದೆ? ಇನ್ನೊಂದ್ ಹಾಳೆ ಐತಲ್ಲ, ಓದು" ಎಂದರು.

ಓದಿದೆ.

ಪಕ್ಕದ ಹೊಲದವರು ಹಿಂದಿನಿಂದ, "ಏನಕ್ಕಾ, ನಿಮ್ ಸೊಸೆನೇ ನಿಮ್ ತೆನೆ ಮುರ್ಕೊಂಡ್ ಹೋದ್ಲಲ್ಲ!" ಎಂದು ನಕ್ಕರು.

ಅತ್ತೆಯವರು ತಿರುಗಿಯೂ ನೋಡದೆ, "ಓದಿರೋಳು ಹೇಳ್ತಾವ್ಳೆ, ಸುಮ್ನೆ ಕೇಳ್ಲಾ. ಇಷ್ಟ್ ದಿನ ನೀನೂ ಹೂಂ ಅಂತಾನೇ ಇದ್ದೆ" ಎಂದು, ನನ್ನತ್ತ ನೋಡಿದರು. "ಅದಿರ್ಲಿ ಬಿಡು. ಆ ಮಣ್ಣಿನೋರ್ನ ಮಳೆ ಬರೋಕ್ ಮುಂಚೆ ಒಳಗ್ ಎತ್ತಿಡಬಾರ್ದಿತ್ತಾ ಆ ದೇವ್ರುಗಳು?"

ಸಭೆ ನಗುತ್ತಿರುವಾಗಲೇ ಅವರು ಎದ್ದು ಬಂದು, ನನ್ನ ಕೈಯಿಂದ ಹಾಳೆಗಳನ್ನು ಇಸಿದುಕೊಂಡು, ಮಡಿಚಿ ತಮ್ಮ ಚೀಲಕ್ಕೆ ಹಾಕಿಕೊಂಡರು.